ಉತ್ತರಕ್ಕೆ ಕಡಲು, ಏರಿಗೆ ಹೊಗೆಬಂಡಿ: ನಾರ್ಫೋಕ್ ಕರಾವಳಿಯಲ್ಲಿ ನಾಲ್ಕು ದಿನ

ಮೊದಲ ದಿನ

ಮಾವನವರು ಇಂಗ್ಲೆಂಡಿಗೆ ಬಂದು ಮೂರು ವಾರವಾಗಿತ್ತು. ಲಂಡನ್ನಿನ ಅರಮನೆಯನ್ನೂ ಕೇಂಬ್ರಿಜ್ಜಿನ ಕಾಲೇಜುಗಳನ್ನೂ ಅವರು ಮಗಳ ಮನಸ್ಸಿಗೆ ನೋವಾಗದಷ್ಟು ಮಟ್ಟಿಗೆ ನೋಡಿ ಮುಗಿಸಿದ್ದರು. ಹುಬ್ಬಳ್ಳಿಯ ಲೋಕೋ ಶೆಡ್ಡಿನಲ್ಲಿ ಉಗಿ ಎಂಜಿನ್ನಿನ ಬೆಂಕಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿ ಸೇರಿ, ಡೀಸೆಲ್ ಡ್ರೈವರ್ ಆಗಿ ನಿವೃತ್ತರಾದ ಅವರನ್ನು ಕರೆದೊಯ್ಯಬೇಕಾದದ್ದು ಬೇರೆಲ್ಲಿಗೋ ಎಂಬುದು ನನಗೆ ತಡವಾಗಿ ಹೊಳೆಯಿತು. ನಾನು ಹತ್ತು ವರ್ಷಗಳಿಂದ ರೈಲುಗಳ ಚಿತ್ರ ತೆಗೆಯುವ ಹುಚ್ಚು ಹತ್ತಿಸಿಕೊಂಡವನು. ಹೀಗಾಗಿ ಏಪ್ರಿಲ್ ತಿಂಗಳ ಒಂದು ಗುರುವಾರ ನಾವಿಬ್ಬರೂ ಕೇಂಬ್ರಿಜ್ಜಿನಿಂದ ನಾರಿಚ್‌ಗೆ, ಅಲ್ಲಿಂದ ಸುಮಾರು ಒಂದು ಗಂಟೆಯ ಸಣ್ಣ ರೈಲಿನಲ್ಲಿ ಕಡಲಂಚಿನ ಶೆರಿಂಗಮ್ ಊರಿಗೆ ಹೊರಟೆವು.

ಶೆರಿಂಗಮ್‌ನಿಂದ ವೇಬರ್ನ್ ದಾಟಿ ಹೋಲ್ಟ್‌ವರೆಗೆ 8.4 ಕಿಲೋಮೀಟರ್ ಓಡುವ ನಾರ್ತ್ ನಾರ್ಫೋಕ್ ರೈಲ್ವೆಯನ್ನು ಜನ ಪ್ರೀತಿಯಿಂದ ಪಾಪಿ ಲೈನ್ ಎನ್ನುತ್ತಾರೆ. ಬೇಸಿಗೆಯಲ್ಲಿ ಇಲ್ಲಿನ ಹೊಲಗಳಲ್ಲಿ ಅರಳುವ ಕೆಂಪು ಪಾಪಿ ಹೂವುಗಳಿಂದ ಬಂದ ಹೆಸರು ಅದು. ಹೆಸರು ಕೇಳಿದ ಕೂಡಲೇ ಮಾವನವರು, "ಪಾಪಿ ಸಮುದ್ರಕ್ಕ ಹೋದ್ರೂ ಮೊಣಕಾಲುದ್ದ ನೀರು ಅಂತಾರಲ್ರಿ, ಆ ಪಾಪಿಯೇನು?" ಎಂದು ನಕ್ಕರು.

ನಾವು ಇಳಿದ ಪ್ಲಾಟ್‌ಫಾರ್ಮು ಒಂದು ಬಸ್ ಸ್ಟಾಪಿಗಿಂತ ಹೆಚ್ಚಿನದೇನಲ್ಲ. ಎದುರಿನ ರಸ್ತೆ ದಾಟಿದರೆ ಹೂಕುಂಡಗಳು, ಹಳೆಯ ಚರ್ಮದ ಪೆಟ್ಟಿಗೆಗಳು, ಬಣ್ಣ ಬಳಿದ ಬೆಂಚುಗಳಿರುವ ನಿಜವಾದ ನಿಲ್ದಾಣ ಸಿಗುತ್ತದೆ. ಇದು ಹಿಂದೆ ಮಿಡ್‌ಲ್ಯಾಂಡ್ ಅಂಡ್ ಗ್ರೇಟ್ ನಾರ್ದರ್ನ್ ಜಾಯಿಂಟ್ ರೈಲ್ವೆಯದು. ಆ ಕಂಪನಿಯ ಮಾರ್ಗಗಳಲ್ಲಿ ಬಹುಪಾಲು 1959ರಲ್ಲಿ ಒಂದೇ ಏಟಿಗೆ ಮುಚ್ಚಿದವು. ಉಳಿದಿದ್ದ ಮೆಲ್ಟನ್ ಕಾನ್‌ಸ್ಟೆಬಲ್ ಮತ್ತು ಶೆರಿಂಗಮ್ ನಡುವಿನ ತುಂಡು 1964ರಲ್ಲಿ ನಿಂತಿತು. 1967ರಲ್ಲಿ ಸರ್ಕಾರಿ ಸಂಸ್ಥೆಯಾದ ಬ್ರಿಟಿಷ್ ರೈಲ್, ರಸ್ತೆಯ ಆಚೆಗೆ ಪುಟ್ಟ ಪ್ಲಾಟ್‌ಫಾರ್ಮು ಕಟ್ಟಿಕೊಂಡು ಹಳೆಯ ನಿಲ್ದಾಣವನ್ನು ಕೈಬಿಟ್ಟಿತು. ಹಾಗೆ ಕೈಬಿಟ್ಟದ್ದನ್ನು ಉತ್ಸಾಹಿಗಳು ಎತ್ತಿಕೊಂಡು 1975ರಲ್ಲಿ ಮತ್ತೆ ಪ್ರಯಾಣಿಕರ ಗಾಡಿ ಓಡಿಸಿದರು. ರಸ್ತೆಗೆ ಅಡ್ಡವಾಗಿ ಹಳಿಯನ್ನು ಪುನಃ ಹಾಸಿ ಎರಡು ನಿಲ್ದಾಣಗಳನ್ನು ಜೋಡಿಸಿದ್ದು 2010ರಲ್ಲಿ. ಈಗಲೂ ಆ ಗೇಟನ್ನು ದಾಟುವ ಗಾಡಿಗಳು ಅಪರೂಪ.

ಸಂಜೆಯ ಕೊನೆಯ ಗಾಡಿ ಬರುವ ಹೊತ್ತಿಗೆ ಮೋಡ ಮುಚ್ಚಿ ಪ್ಲಾಟ್‌ಫಾರ್ಮಿನ ಚಾವಣಿಯ ಕೆಳಗೆ ಕತ್ತಲೆಯಾಗಿತ್ತು. ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮವಾಗಿರಬೇಕೆಂಬ ಅಳತೆಯಾದ ಐಎಸ್‌ಒವನ್ನು 3200ಕ್ಕೆ ಏರಿಸಿಕೊಂಡು ನಾಲ್ಕಾರು ಚಿತ್ರ ತೆಗೆದೆ. ದೀಪದ ಹಳದಿ ಬೆಳಕಿನಲ್ಲಿ ಸಿಲಿಂಡರಿನ ಬಾಯಿಂದ ಸುಂಯ್ಯೆಂದು ನುಗ್ಗಿದ ಉಗಿ ಗಾರ್ಡಿನ ಕಾಲುಗಳನ್ನು ಮುಚ್ಚಿ, ಅವನ ಮೇಲರ್ಧ ಮಾತ್ರ ತೇಲುವಂತೆ ಕಂಡ ಒಂದು ಚಿತ್ರ ಚೆನ್ನಾಗಿ ಬಂತು. ಆ ಖುಷಿಯಲ್ಲಿ ಕ್ಯಾಮೆರಾವನ್ನು ಹಾಗೆಯೇ ಚೀಲಕ್ಕೆ ಹಾಕಿದೆ. ಅದರ ಫಲ ಮರುದಿನ ಉಂಡೆ.

ಎರಡನೆಯ ದಿನ

ರೈಲಿನ ಜತೆಗೆ ಕಡಲನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಯಬೇಕೆನ್ನುವವನಿಗೆ ಈ ದಾರಿಯಷ್ಟು ಅನುಕೂಲವಾದದ್ದು ಕಡಿಮೆ. ಈ ಕರಾವಳಿ ಉತ್ತರಕ್ಕೆ ಮುಖ ಮಾಡಿದೆ. ಹಳಿ ಹೆಚ್ಚುಕಡಿಮೆ ಪೂರ್ವ ಪಶ್ಚಿಮವಾಗಿ ಸಾಗುವುದರಿಂದ, ಹಳಿಯ ದಕ್ಷಿಣಕ್ಕೆ ನಿಂತು ಉತ್ತರಕ್ಕೆ ನೋಡಿದರೆ ಮುಂದೆ ಗಾಡಿ, ಅದರಾಚೆ ಗಾಲ್ಫ್ ಮೈದಾನದ ಹಸಿರು, ಅದರಾಚೆ ನೀಲಿ ನೀರು ಇರುತ್ತವೆ. ಸೂರ್ಯ ಮಾತ್ರ ದಿನದ ಬಹುಪಾಲು ನಮ್ಮ ಬೆನ್ನ ಹಿಂದೆಯೇ ಇರುತ್ತಾನೆ. ಪಶ್ಚಿಮಕ್ಕೆ ಮುಖ ಮಾಡಿದ ನಮ್ಮ ಕೊಂಕಣ ತೀರದಲ್ಲಿ ಮಧ್ಯಾಹ್ನ ಎರಡರ ನಂತರ ಕಡಲಿನ ಕಡೆಗೆ ಲೆನ್ಸ್ ತಿರುಗಿಸಿದರೆ ಎಲ್ಲವೂ ಕಪ್ಪು ಆಕೃತಿಗಳಾಗುವುದನ್ನು ಬಲ್ಲವರಿಗೆ ಇದರ ಬೆಲೆ ತಿಳಿಯುತ್ತದೆ.

ಬೆಳಕು ನಮ್ಮ ಪಕ್ಷದಲ್ಲಿದ್ದರೂ ಗಾಳಿ ಹಾಗಿರಲಿಲ್ಲ. ಕಡಲಿನಿಂದ ಬೀಸುವ ಉತ್ತರದ ಗಾಳಿ ಚಳಿಯದಾದ್ದರಿಂದ ಉಗಿ ಬೆಳ್ಳಗೆ, ದಟ್ಟವಾಗಿ, ಹತ್ತಿಯ ರಾಶಿಯಂತೆ ಏಳುತ್ತದೆ; ಆದರೆ ಅದೇ ಗಾಳಿ ಆ ರಾಶಿಯನ್ನು ದಕ್ಷಿಣಕ್ಕೆ, ಎಂದರೆ ಗಾಡಿಯ ಮೇಲಿಂದ ನೇರವಾಗಿ ಚಿತ್ರಗಾರನ ಮುಖಕ್ಕೆ ತಂದು ಹಾಕುತ್ತದೆ. ಎಂಜಿನ್ನಿನ ಮೂಗು ಮಾತ್ರ ಕಂಡು ಬೋಗಿಗಳೆಲ್ಲ ಮಾಯವಾಗುತ್ತವೆ. ಹೊಗೆ ಕಡಲ ಕಡೆಗೆ ಹೋಗಬೇಕಾದರೆ ನೈಋತ್ಯದ ಗಾಳಿ ಬೇಕು, ಆ ಗಾಳಿ ಬೆಚ್ಚಗಿದ್ದರೆ ಉಗಿಯೇ ಕಾಣದೆ ಕರಗಿಹೋಗುತ್ತದೆ. ತಣ್ಣಗಿನ ನೈಋತ್ಯ ಗಾಳಿಯೂ ಬಿಸಿಲೂ ಒಟ್ಟಿಗೆ ಸಿಗುವ ದಿನಗಳು ವರ್ಷದಲ್ಲಿ ಎಷ್ಟಿರಬಹುದೆಂದು ಲೆಕ್ಕ ಹಾಕಲು ನನಗೆ ಇಷ್ಟವಿಲ್ಲ.

ಬೆಳಗಿನ ಮೊದಲ ಉಗಿಗಾಡಿಗೆ ನಾವು ಗಾಲ್ಫ್ ಮೈದಾನದ ಮಗ್ಗುಲಿನ ಕಾಲುದಾರಿಯಲ್ಲಿ, ಬೇಲಿಯಿಂದ ಸಾಕಷ್ಟು ದೂರದಲ್ಲಿ ನಿಂತೆವು. ಈ ಮೈದಾನಕ್ಕೊಂದು ಪ್ರಸಿದ್ಧ ಕಥೆಯಿದೆ. 1920ರ ಇಂಗ್ಲಿಷ್ ಮಹಿಳಾ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯದಲ್ಲಿ ಜಾಯ್ಸ್ ವೆದರೆಡ್ ಎಂಬ ಎಳೆಯ ಆಟಗಾರ್ತಿ 17ನೆಯ ಕುಳಿಯ ಬಳಿ ನಿರ್ಣಾಯಕ ಹೊಡೆತ ಹೊಡೆಯುವಾಗ ಪಕ್ಕದಲ್ಲೇ ರೈಲು ಗಡಗಡನೆ ಹಾದುಹೋಯಿತಂತೆ, ಅದರಿಂದ ತೊಂದರೆಯಾಗಲಿಲ್ಲವೇ ಎಂದು ಆಮೇಲೆ ಕೇಳಿದವರಿಗೆ ಅವಳು "ಯಾವ ರೈಲು?" ಎಂದಳಂತೆ. ನನ್ನ ಏಕಾಗ್ರತೆ ಆ ದರ್ಜೆಯದಲ್ಲ. ಗಾಡಿ ಬಂತು, ಬಿಸಿಲೂ ಬಿತ್ತು, ನಾನು ಹದಿನೈದು ಚಿತ್ರ ಒತ್ತಿದೆ. ಮುಗಿದ ಮೇಲೆ ಪರದೆಯಲ್ಲಿ ನೋಡಿದರೆ ಐಎಸ್‌ಒ ಹಿಂದಿನ ಸಂಜೆಯ 3200ರಲ್ಲಿಯೇ ಕುಳಿತಿತ್ತು. ಶಟರ್ ತನ್ನ ಕೊನೆಯ ಮಿತಿಯಾದ ಸೆಕೆಂಡಿನ 8000ನೆಯ ಒಂದು ಭಾಗಕ್ಕೆ ಓಡಿಯೂ ಸಾಲದೆ, ಉಗಿಯ ಬಿಳಿಯೆಲ್ಲ ಸುಣ್ಣ ಬಳಿದ ಗೋಡೆಯಂತೆ ಅಚ್ಚ ಬಿಳಿಯಾಗಿತ್ತು. ಅದರೊಳಗಿನ ಮಡಿಕೆ, ಸುರುಳಿ, ನೆರಳು ಯಾವುದೂ ಉಳಿದಿರಲಿಲ್ಲ. ಕಪ್ಪು ಎಂಜಿನ್ನು, ಬಿಳಿ ಉಗಿ ಇವೆರಡನ್ನೂ ಹಿಡಿಯುವಾಗ ಬಿಳಿಗೆ ತಕ್ಕಂತೆ ಅಳತೆ ಮಾಡಿ ಕಪ್ಪನ್ನು ಆಮೇಲೆ ಎತ್ತಿಕೊಳ್ಳಬೇಕೆಂದು ಇತರರಿಗೆ ಪಾಠ ಹೇಳುವವನು ನಾನೇ.

ಆ ಎಂಜಿನ್ನು 92203, ಹೆಸರು ಬ್ಲ್ಯಾಕ್ ಪ್ರಿನ್ಸ್. 1959ರಲ್ಲಿ ಸ್ವಿಂಡನ್‌ನಲ್ಲಿ ತಯಾರಾದ ಇದು 9ಎಫ್ ವರ್ಗಕ್ಕೆ ಸೇರಿದ್ದು; ಭಾರದ ಸರಕು ಗಾಡಿಗಳಿಗೆಂದು ಕಟ್ಟಿದ ಈ ವರ್ಗದ 251 ಎಂಜಿನ್‌ಗಳಿಗೆ ಹತ್ತು ಜೋಡಿಸಿದ ಚಕ್ರಗಳಿದ್ದವು. ಬ್ರಿಟಿಷ್ ರೈಲ್ವೆಗೆಂದು ತಯಾರಾದ ಕೊನೆಯ ಉಗಿ ಎಂಜಿನ್ನೂ ಇದೇ ವರ್ಗದ್ದು, 1960ರಲ್ಲಿ ಬಂದ ಈವ್ನಿಂಗ್ ಸ್ಟಾರ್. ಚಿತ್ತರಂಜನ್‌ನಲ್ಲಿ 1970ರಲ್ಲಿ ತಯಾರಾದ ನಮ್ಮ ಕೊನೆಯ ಬ್ರಾಡ್‌ಗೇಜ್ ಉಗಿ ಎಂಜಿನ್ನಿಗೆ ಅಂತಿಮ್ ಸಿತಾರಾ ಎಂದು ಹೆಸರಿಟ್ಟಿದ್ದನ್ನು ಮಾವನವರೇ ನೆನಪಿಸಿದರು. ಎಂಟೇ ವರ್ಷ ಕೆಲಸ ಮಾಡಿ ಗುಜರಿಗೆ ಹೋಗಬೇಕಾಗಿದ್ದ ಬ್ಲ್ಯಾಕ್ ಪ್ರಿನ್ಸನ್ನು 1967ರಲ್ಲಿ ಕೊಂಡವರು ಡೇವಿಡ್ ಶೆಪರ್ಡ್ ಎಂಬ ವರ್ಣಚಿತ್ರಕಾರರು. ಆನೆ ಹುಲಿಗಳ ಚಿತ್ರಗಳಿಂದ ಹೆಸರಾದ ಅವರು ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ಬಂದ ಹಣದಲ್ಲಿ ಎರಡು ಎಂಜಿನ್ ಕೊಂಡುಬಿಟ್ಟರು. ಅದೇ ಶೆಪರ್ಡ್ ತಮ್ಮ ಹುಲಿ ಚಿತ್ರದ ಪ್ರತಿಗಳನ್ನು ಮಾರಿ, ನಮ್ಮ ಬಂಡೀಪುರ ಹುಲಿ ಯೋಜನೆಗೆ ಸೇರಿದ 1973ರಲ್ಲಿಯೇ, ಭಾರತದ ಹುಲಿಗಳ ರಕ್ಷಣೆಗೆ ಹಣ ಕೂಡಿಸಿಕೊಟ್ಟವರು.

ಮಧ್ಯಾಹ್ನ ಶೆರಿಂಗಮ್ ಪಾರ್ಕಿನ ಕಾಡಿನೊಳಗಿನ ಗೋಪುರವನ್ನು ಹತ್ತಿದೆವು. ಹಂಫ್ರಿ ರೆಪ್ಟನ್ 1812ರಲ್ಲಿ ರೂಪಿಸಿದ ಈ ಉದ್ಯಾನದಲ್ಲಿ ನಿಂತರೆ ಮರಗಳ ತಲೆಯ ಮೇಲಿಂದ ಹೊಲ, ಹಳಿ, ಕಡಲು ಮೂರೂ ಪಟ್ಟೆಪಟ್ಟೆಯಾಗಿ ಕಾಣುತ್ತವೆ. ಇಲ್ಲಿಂದ ಗಾಡಿ ಆಟಿಕೆಯಷ್ಟೇ ದೊಡ್ಡದು. ದೂರದ ತಿರುವಿನಲ್ಲಿ ಒಮ್ಮೆಲೇ ಕಡುಗಪ್ಪು ಹೊಗೆ ಎದ್ದಿತು. ಪಕ್ಕದಲ್ಲಿ ನಿಂತಿದ್ದ ಇನ್ನಿಬ್ಬರು ಚಿತ್ರಗಾರರ ಜತೆಗೆ ನಾನೂ ಹಿಗ್ಗಿನಿಂದ ಉದ್ಗಾರ ತೆಗೆದೆ. ಮಾವನವರ ಮುಖ ಮಾತ್ರ ಸಪ್ಪಗಾಯಿತು.

"ಹೊಗಿ ಅಷ್ಟು ಕರ್ರಗ ಬಂತಂದ್ರ ಫೈರ್‌ಮನ್ನನ ಕೆಲಸ ಕೆಟ್ಟಂಗ, ಅಳಿಯಂದ್ರ. ನೀವು ಅದಕ್ಕ ಚಪ್ಪಾಳಿ ಹೊಡಿಯಾಕತ್ತೀರಿ."

ಅವರು ವಿವರಿಸಿದ್ದು ಹೀಗೆ. ಒಮ್ಮೆಗೇ ಹೆಚ್ಚು ಕಲ್ಲಿದ್ದಲು ಸುರಿದರೆ ಬೆಂಕಿಗೆ ಗಾಳಿ ಸಾಲದೆ ಅರೆಬೆಂದ ಇಂಗಾಲ ಹೊಗೆಕೊಳವೆಯಿಂದ ಕಪ್ಪಾಗಿ ಹೊರಬೀಳುತ್ತದೆ. ಅದು ಉಗಿಯಾಗದೆ ಹೋದ ಕಲ್ಲಿದ್ದಲು. ಸೇಫ್ಟಿ ವಾಲ್ವಿನಿಂದ ಭುಸ್ಸೆಂದು ಏಳುವ ಬಿಳಿ ಕಾರಂಜಿಯೂ ಅಂಥದೇ ನಷ್ಟ, ಬೇಡದ ಹೊತ್ತಿನಲ್ಲಿ ಕಾಯಿಸಿದ ನೀರು. ಹುಬ್ಬಳ್ಳಿಯ ಶೆಡ್ಡಿನಲ್ಲಿ ಕಪ್ಪು ಹೊಗೆ ಬಿಟ್ಟುಕೊಂಡು ಬಂದ ಫೈರ್‌ಮನ್ನನಿಗೆ ಡ್ರೈವರ್‌ನಿಂದ ಬೈಗುಳ ತಪ್ಪುತ್ತಿರಲಿಲ್ಲವಂತೆ. ನಾನು ಹತ್ತು ವರ್ಷಗಳಲ್ಲಿ ಕೂಡಿಸಿಟ್ಟ ಅತ್ಯುತ್ತಮ ಚಿತ್ರಗಳೆಲ್ಲ ಯಾರೋ ಒಬ್ಬರ ತಪ್ಪಿನ ದಾಖಲೆಗಳೆಂದು ನನಗೆ ಯಾರೂ ಹೇಳಿರಲಿಲ್ಲ.

ಮೂರನೆಯ ದಿನ

ಶನಿವಾರ ಬೆಳಗ್ಗೆ ಮಂಜು ಮುಸುಕಿ ಕಡಲೇ ಕಾಣಲಿಲ್ಲ. ಅಂಥ ದಿನ ಡೀಸೆಲ್ಲಿಗೆ ಒಳ್ಳೆಯದು. ಉಗಿ ಎಂಜಿನ್ನಿನ ಅರ್ಧ ಸೊಗಸು ಅದರ ತಲೆಯ ಮೇಲಿನ ಮೋಡದಲ್ಲಿರುತ್ತದೆ. ಮಂಜಿನಲ್ಲಿ ಬಿಳಿಗೆ ಬಿಳಿ ಸೇರಿ ಅದು ಮಸುಕಾಗುತ್ತದೆ. ಡೀಸೆಲ್ಲಿಗೆ ಮೋಡವಿಲ್ಲದ ಕಾರಣ ಚಿತ್ರ ನಿಲ್ಲಬೇಕಾದದ್ದು ಅದರ ಆಕಾರ ಮತ್ತು ಬಣ್ಣದ ಮೇಲೆ. ಕ್ಲಾಸ್ 37 ವರ್ಗದ ಹಸಿರು ಎಂಜಿನ್ನೊಂದು ವೇಬರ್ನ್ ನಿಲ್ದಾಣದ ಮೇಲ್ಸೇತುವೆಯ ಕೆಳಗೆ ಗುರುಗುಟ್ಟುತ್ತ ನಿಂತಿತ್ತು. ಆ ಸದ್ದಿನಿಂದಾಗಿ ಇಲ್ಲಿನವರು ಈ ವರ್ಗಕ್ಕೆ ಗ್ರೌಲರ್, ಎಂದರೆ ಗುರುಗುಟ್ಟುವುದು, ಎಂಬ ಅಡ್ಡಹೆಸರನ್ನೇ ಇಟ್ಟಿದ್ದಾರೆ. 1960ರಿಂದ 1965ರ ನಡುವೆ ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿ ಕಟ್ಟಿದ 309ರಲ್ಲಿ ಹೆಚ್ಚಿನವು ಹೊರಬಂದದ್ದು ವಲ್ಕನ್ ಫೌಂಡ್ರಿಯಿಂದ. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಭಾರತದ ಮೊದಲ ಪ್ರಯಾಣಿಕರ ಗಾಡಿಯನ್ನು ಎಳೆದ ಎಂಜಿನ್ನುಗಳೂ ಅದೇ ಕಾರ್ಖಾನೆಯವು.

ನಾನು ಶಟರನ್ನು ಸೆಕೆಂಡಿನ 30ನೆಯ ಒಂದು ಭಾಗಕ್ಕೆ ಇಳಿಸಿ, ಗಾಡಿಯ ಜತೆಜತೆಗೇ ಕ್ಯಾಮೆರಾ ತಿರುಗಿಸುತ್ತ ಹಿಂದಿನ ಪೊದೆಗಳನ್ನು ಗೆರೆಗಳಾಗಿಸುವ ಪ್ರಯತ್ನ ಮಾಡಿದೆ. ಇಲ್ಲಿನ ವೇಗದ ಮಿತಿ ಗಂಟೆಗೆ 25 ಮೈಲಿ, ಎಂದರೆ 40 ಕಿಲೋಮೀಟರ್. ನಿಧಾನದ ಗಾಡಿಗೆ ನಿಧಾನದ ಶಟರ್ ಬೇಕು, ನಿಧಾನದ ಶಟರಿಗೆ ನಡುಗದ ಕೈ ಬೇಕು. ಇಪ್ಪತ್ತರಲ್ಲಿ ಎರಡು ಉಳಿದವು. ಅವುಗಳಲ್ಲಿ ಒಂದರಲ್ಲಿ ಕಿಟಕಿಯ ಚಾಲಕನ ಮೂಗಿನ ಮೇಲಿನ ಕನ್ನಡಕ ಕೂಡ ಸ್ಪಷ್ಟವಾಗಿ ಮೂಡಿದ್ದು ನನ್ನ ಪುಣ್ಯ.

ಉಗಿಯನ್ನು ಕಂಡರೆ ಕರಗುವ ನಮ್ಮಂಥವರು ಡೀಸೆಲ್ ಎಂದರೆ ಮೂಗು ಮುರಿಯುವುದುಂಟು. ಮಾವನವರು ಅದನ್ನು ಒಪ್ಪಲಿಲ್ಲ. ಮೀಟರ್‌ಗೇಜ್ ಕಾಲದಲ್ಲಿ ಅವರು ವೈಜಿ ಎಂಬ ಉಗಿ ಎಂಜಿನ್ನಿನ ಮೇಲೆ ಕ್ಯಾಸಲ್‌ರಾಕ್ ಘಟ್ಟವನ್ನು ಏರಿದವರು. ಸುಮಾರು 37 ಅಡಿಗೆ 1 ಅಡಿ ಏರುವಷ್ಟು ಕಡಿದಾದ ಆ ಏರಿನಲ್ಲಿ, ಸುರಂಗದೊಳಗೆ ಒದ್ದೆ ಬಟ್ಟೆಯನ್ನು ಮುಖಕ್ಕೆ ಕಟ್ಟಿಕೊಂಡು ಸಲಿಕೆ ಹಿಡಿದವರಿಗೆ ಉಗಿಯ ಸೊಗಸು ಬೇರೆಯದೇ ಇರಬೇಕು. "ವೈಡಿಎಂ-4 ಡೀಸೆಲ್ ಬಂದ ಮ್ಯಾಲೆ ನೋಡ್ರಿ, ನಾ ಮನಿಗೆ ಬಿಳಿ ಅಂಗಿಲೇ ಹೋದೆ. ನಿಮ್ಮ ಅತ್ತಿಯವರನ್ನ ಕೇಳ್ರಿ, ಡೀಸೆಲ್ ಚಲೋನೋ ಉಗಿ ಚಲೋನೋ ಅಂತ," ಎಂದರು.

ಮಧ್ಯಾಹ್ನ ಮಂಜು ಸರಿಯುವ ತನಕ ವೇಬರ್ನ್ ಕಡಲಂಚಿಗೆ ನಡೆದುಹೋದೆವು. ನಿಲ್ದಾಣದಿಂದ ಊರು ದಾಟಿ ಅರ್ಧ ತಾಸಿನ ನಡಿಗೆ. ಇಲ್ಲಿ ಮರಳಿಲ್ಲ, ಗುಂಡುಕಲ್ಲುಗಳ ದಂಡೆ. ಎರಡು ಹೆಜ್ಜೆಗೆ ನೀರು ಆಳವಾಗುತ್ತದೆ. ಹಡಗುಗಳು ದಡದ ತೀರ ಹತ್ತಿರಕ್ಕೆ ಬರಬಹುದಾದ್ದರಿಂದ, ಇಂಗ್ಲೆಂಡನ್ನು ಗೆಲ್ಲಬೇಕೆನ್ನುವವನು ವೇಬರ್ನ್‌ನಿಂದಲೇ ಮೊದಲು ಮಾಡಬೇಕೆಂಬ ಹಳೆಯ ಮಾತೇ ಇದೆ. ಮಾವನವರು ನೀರಿಗೊಂದು ಕಲ್ಲೆಸೆದು, "ಇಲ್ಲಿ ನಮ್ಮ ಗಾದಿಮಾತು ನಡಿಯಂಗಿಲ್ಲ ಬಿಡ್ರಿ," ಎಂದರು.

ಹಿಂದಿರುಗಿದಾಗ ನಡೆದದ್ದನ್ನು ನಾನು ಯೋಜಿಸಿರಲಿಲ್ಲ. ಬ್ಲ್ಯಾಕ್ ಪ್ರಿನ್ಸ್ ಎದುರು ಗಾಡಿಗಾಗಿ ಕಾಯುತ್ತ ಪ್ಲಾಟ್‌ಫಾರ್ಮಿನಲ್ಲಿ ನಿಂತಿತ್ತು. ಮಾವನವರು ಎಂಜಿನ್ನಿನ ಪಕ್ಕಕ್ಕೆ ಹೋಗಿ, ಬೇರೆಯವರಂತೆ ಹೊಗೆಕೊಳವೆಯನ್ನಾಗಲಿ ಹೆಸರಿನ ಫಲಕವನ್ನಾಗಲಿ ನೋಡದೆ, ಕ್ಯಾಬಿನ ಕೆಳಗಿನ, ಬಾಯ್ಲರಿಗೆ ನೀರು ತಳ್ಳುವ ಇಂಜೆಕ್ಟರಿನ ಕೊಳವೆಯಿಂದ ನೀರು ತೊಟ್ಟಿಕ್ಕುವುದನ್ನೇ ತಲೆಬಾಗಿ ನೋಡುತ್ತಿದ್ದರು. ಮೇಲಿನಿಂದ ನೋಡಿದ ಫೈರ್‌ಮನ್, ಇಪ್ಪತ್ತೈದು ದಾಟಿರದ ಹುಡುಗಿ, ಇವರು ಯಾರೆಂದು ಊಹಿಸಿದಳೋ ಏನೋ, ಕೈಸನ್ನೆ ಮಾಡಿ ಹತ್ತಿಸಿಕೊಂಡಳು. ವಾರದ ದಿನಗಳಲ್ಲಿ ಕಚೇರಿಗೆ ಹೋಗಿ ರಜೆಯಲ್ಲಿ ಇಲ್ಲಿ ದುಡಿಯುವ ಸ್ವಯಂಸೇವಕಿ ಅವಳು. ನಾನು ಕೆಳಗೆ ನಿಂತು ಎರಡು ಕಡೆಯ ಮಾತನ್ನೂ ದಾಟಿಸಿದೆ. ಅವಳು ಬೆಂಕಿಗೂಡಿನ ಬಾಗಿಲನ್ನು ಸರಿಸಿದಾಗ ಕಿತ್ತಳೆ ಬೆಳಕು ಮಾವನವರ ಗಲ್ಲದ ಬಿಳಿಯ ಕುರುಚಲು ಗಡ್ಡದ ಮೇಲೆ ಬಿತ್ತು. ಅವರು ಎಡಗೈಯನ್ನು ಹುಬ್ಬಿಗೆ ಅಡ್ಡ ಹಿಡಿದು, ಒಳಗಿನ ನಾಲ್ಕು ಮೂಲೆಗಳನ್ನು ಒಂದೊಂದಾಗಿ ನೋಡಿ, ಹಿಂದಿನ ಎರಡು ಮೂಲೆಗಳ ಕಡೆಗೆ ಬೆರಳು ತೋರಿಸಿದರು. ಹುಡುಗಿ ನಕ್ಕು, ಸಲಿಕೆಯ ತುದಿಯಲ್ಲಿ ಒಂದಿಷ್ಟು ಕಲ್ಲಿದ್ದಲನ್ನು ಆ ಮೂಲೆಗಳಿಗೇ ಹಾಕಿದಳು. ಅಲ್ಲಿ ನನ್ನ ಭಾಷಾಂತರದ ಅಗತ್ಯ ಬೀಳಲಿಲ್ಲ. ಚಿತ್ರವನ್ನೂ ತೆಗೆಯಲಿಲ್ಲ, ಕ್ಯಾಮೆರಾ ಕೈಯಲ್ಲಿರುವುದು ನೆನಪಿಗೆ ಬಂದಾಗ ಸಿಗ್ನಲ್ ಬಿದ್ದಿತ್ತು.

ನಾಲ್ಕನೆಯ ದಿನ

ಭಾನುವಾರ ಗಾಳಿ ನೈಋತ್ಯಕ್ಕೆ ತಿರುಗಿತ್ತು, ಆಕಾಶ ತೊಳೆದಂತಿತ್ತು. ಪಾರಂಪರಿಕ ರೈಲುಗಳ ಬಗ್ಗೆ ನನ್ನದೊಂದು ತಕರಾರು ಏನೆಂದರೆ, ಬೆಳಕು ಹೊನ್ನಾಗಿರುವ ಮುಂಜಾನೆ ಮತ್ತು ಇಳಿಸಂಜೆಯಲ್ಲಿ ಅವು ಶೆಡ್ಡಿನಲ್ಲಿ ಮಲಗಿರುತ್ತವೆ. ಪ್ರವಾಸಿಗರು ತಿಂಡಿ ಮುಗಿಸಿದ ಮೇಲೆ ಹೊರಟು ಅವರ ಸಂಜೆಯ ಚಹಾಕ್ಕೆ ಮನೆ ಸೇರುತ್ತವೆ. ಏಪ್ರಿಲ್‌ನಲ್ಲಿ ಇಲ್ಲಿ ಸೂರ್ಯ ನಡುಮಧ್ಯಾಹ್ನಕ್ಕೂ ಆಕಾಶದ ಅರ್ಧದಷ್ಟೇ ಏರುವುದರಿಂದ ಆ ಕೊರತೆ ಸ್ವಲ್ಪ ತುಂಬುತ್ತದೆ.

ವೇಬರ್ನ್‌ನಿಂದ ಹೋಲ್ಟ್ ಕಡೆಗೆ ಹಳಿ 80ಕ್ಕೆ 1ರಂತೆ ಏರುತ್ತ ಕೆಲ್ಲಿಂಗ್ ಹೀತ್ ಎಂಬ ಕುರುಚಲು ಬಯಲನ್ನು ಹಾಯುತ್ತದೆ. ಆ ಬಯಲಿನ ತುಂಬ ಗೋರ್ಸ್ ಎಂಬ ಮುಳ್ಳುಪೊದೆ ಹಳದಿ ಹೂ ಬಿಟ್ಟಿತ್ತು. ಬಿಸಿಲೇರಿದಂತೆ ಆ ಹೂವಿನಿಂದ ಕೊಬ್ಬರಿಯ ಪರಿಮಳ ಬರುತ್ತದೆಂದು ನಾನು ಹೇಳಿದರೆ ನಂಬದ ಮಾವನವರು, ಮುಳ್ಳು ತಪ್ಪಿಸಿ ಮೂಸಿ ನೋಡಿ, "ಹೋಳಿಗಿ ನೆನಪಾತು," ಎಂದರು. ಹಳೆಯ ಜಾಯಿಂಟ್ ರೈಲ್ವೆ ತನ್ನ ಎಂಜಿನ್ನುಗಳಿಗೆ ಬಳಿಯುತ್ತಿದ್ದ ಹಳದಿಗೆ ಈ ಹೂವಿನದೇ ಹೆಸರಿತ್ತು.

ನಾವು ಪೊದೆಗಳ ನಡುವಿನ ಕಾಲುದಾರಿಯಲ್ಲಿ ಮುಕ್ಕಾಲು ಗಂಟೆ ಕಾದೆವು. ಮೊದಲು ಸದ್ದು ಬಂತು. ಎರಡು ಸಿಲಿಂಡರಿನ ಎಂಜಿನ್ನು ಚಕ್ರದ ಒಂದು ಸುತ್ತಿಗೆ ನಾಲ್ಕು ಬಾರಿ ಉಸಿರು ಬಿಡುತ್ತದೆ; ಮಾವನವರು ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತ, ನಾಲ್ಕೂ ಸಮವಾಗಿವೆ, ವಾಲ್ವುಗಳು ಸರಿಯಾಗಿ ಕೂತಿವೆ ಎಂದರು. ನಾನು ಐಎಸ್‌ಒವನ್ನು ಮೂರು ಬಾರಿ ನೋಡಿಕೊಂಡೆ. ಶಟರ್ ಸೆಕೆಂಡಿನ 1000ದ ಒಂದು ಭಾಗ, ಅಳತೆ ಬಿಳಿಯ ಮೇಲೆ, ಚಕ್ರಗಳನ್ನು ಜೋಡಿಸುವ ಸಲಾಕೆ ಕೆಳಗಿರುವ ಕ್ಷಣ ಸಿಗಲೆಂದು ಒಂದೇ ಸಮನೆ ಒತ್ತುವ ವ್ಯವಸ್ಥೆ, ಎಲ್ಲವೂ ಸಿದ್ಧವಾಗಿತ್ತು.

ತಿರುವಿನಿಂದ ಬ್ಲ್ಯಾಕ್ ಪ್ರಿನ್ಸ್ ಹೊರಬಿತ್ತು, ಆದರೆ ಹೊಗೆಕೊಳವೆಯ ಮೇಲೆ ಏನೂ ಇರಲಿಲ್ಲ. ಕರಿಯೂ ಇಲ್ಲ, ಬಿಳಿಯೂ ಇಲ್ಲ. ಬೆಚ್ಚಗಿನ ಗಾಳಿಗೆ ಉಗಿ ಕರಗಿಹೋಗಿತ್ತು, ಬೆಂಕಿ ಹದವಾಗಿ ಉರಿಯುತ್ತಿದ್ದುದರಿಂದ ಹೊಗೆಯೂ ಏಳಲಿಲ್ಲ. ಕಾದ ಕಾವಲಿಯ ಮೇಲಿನಂತೆ ಗಾಳಿ ನಡುಗುತ್ತಿದ್ದದ್ದಷ್ಟೇ ಕಾಣುತ್ತಿತ್ತು. ಏರಿನಲ್ಲಿ ಬೋಗಿಗಳನ್ನೆಲ್ಲ ಎಳೆಯುತ್ತ, ನೆಲ ನಡುಗಿಸುತ್ತ ಎಂಜಿನ್ನು ನಮ್ಮ ಮುಂದೆ ಹಾದುಹೋದಾಗ ಕ್ಯಾಬಿನಿಂದ ಆ ಹುಡುಗಿ ಸಲಿಕೆ ಎತ್ತಿ ತೋರಿಸಿದಳು. ನನಗೆ ಅಳುವುದೊಂದೇ ಬಾಕಿ. ಮಾವನವರು ಮಾತ್ರ ಗಾಡಿ ಮರೆಯಾಗುವವರೆಗೂ ಕೈ ಬೀಸುತ್ತಲೇ ಇದ್ದರು.

ಹೋಲ್ಟ್‌ನಲ್ಲಿ ನೋಡುವಂಥದ್ದು ಹೆಚ್ಚಿರಲಿಲ್ಲ. ಊರು ನಿಲ್ದಾಣದಿಂದ ದೂರವಿದೆ, ನಿಲ್ದಾಣದ ಕಟ್ಟಡ ಕೂಡ ಸ್ಟಾಲಮ್ ಎಂಬ ಬೇರೆ ಊರಿನಿಂದ ಕಳಚಿ ತಂದು ಕಟ್ಟಿದ್ದು. ಚಹಾ ಕುಡಿದು, ಎಂಜಿನ್ನು ಹಳಿ ಬದಲಿಸಿ ಬಂದು, ಕಲ್ಲಿದ್ದಲು ನೀರು ಹೊರುವ ಟೆಂಡರ್ ಮುಂದಾಗಿ ಜೋಡಿಸಿಕೊಂಡ ಅದೇ ಗಾಡಿಯಲ್ಲಿ ಇಳಿದು ಬಂದೆವು. ಶೆರಿಂಗಮ್ ಹತ್ತಿರವಾದಾಗ ಎಡಗಡೆಯ ಕಿಟಕಿಗಳ ತುಂಬ ಕಡಲು ಬಂತು.

ನಾರಿಚ್ ಕಡೆಗಿನ ರೈಲಿನಲ್ಲಿ ಮಾವನವರು ನನ್ನ ಕ್ಯಾಮೆರಾ ಇಸಿದುಕೊಂಡು ನಾಲ್ಕು ದಿನಗಳ ಚಿತ್ರಗಳನ್ನು ಒಂದೊಂದಾಗಿ ನೋಡಿದರು. ಗಾರ್ಡಿನ ಕಾಲು ಮುಚ್ಚಿದ ಉಗಿ, ಪಾರ್ಕಿನ ಗೋಪುರದಿಂದ ಕಂಡ ಕರಿಹೊಗೆ ಯಾವುದೂ ಅವರಿಗೆ ಬೇಡವಾಯಿತು. ಕೆಲ್ಲಿಂಗ್ ಏರಿನ, ಹೊಗೆಯೇ ಇಲ್ಲದ ಚಿತ್ರವನ್ನು ತಮ್ಮ ಫೋನಿಗೆ ಹಾಕಿಸಿಕೊಂಡು, ನಿವೃತ್ತ ರೈಲ್ವೆಯವರ ವಾಟ್ಸಾಪ್ ಗುಂಪಿಗೆ ಕಳಿಸಿದರು. ಗುಂಪಿನಲ್ಲಿದ್ದ ಟಿಕೆಟ್ ತಪಾಸಣೆಯ ಗೆಳೆಯರೊಬ್ಬರು, ಎಂಜಿನ್ನು ಕೆಟ್ಟು ನಿಂತಿತ್ತೇನು ಎಂದು ಕೇಳಿದರು. ಸ್ವಲ್ಪ ಹೊತ್ತಿಗೆ, ಹುಬ್ಬಳ್ಳಿ ಶೆಡ್ಡಿನಲ್ಲಿ ಮಾವನವರ ಜತೆಗೇ ಸಲಿಕೆ ಹಿಡಿದಿದ್ದ ಇನ್ನೊಬ್ಬರ ಸಂದೇಶ ಬಂತು. ಮಾವನವರು ಅದನ್ನು ನನಗೆ ಓದಿ ಹೇಳಿದರು: "ಫೈರ್‌ಮನ್ ಯಾರ್ರಿ? ಭಾಳ ಚಲೋ ಅದಾನ."